ಒಂದೇ ಸೆಟ್ಟಿನ ಮೇಲೆ ‘ನ್ಯಾಷನಲ್’, ‘ಪ್ಯಾನಸಾನಿಕ್’ ಎರಡೂ ಯಾಕೆ?

ಪ್ರಶ್ನೆ: ತಾತನ ಕಾಲದ ಟೂ-ಇನ್-ಒನ್ (ರೇಡಿಯೊ, ಕ್ಯಾಸೆಟ್ ಎರಡೂ ಇರುವ ಸೆಟ್) ಮೇಲೆ ‘ನ್ಯಾಷನಲ್ ಪ್ಯಾನಸಾನಿಕ್’ ಎಂದಿದೆ. ಇವು ಬೇರೆ ಬೇರೆ ಕಂಪನಿಗಳೇ? ಸೆಟ್ ಡೂಪ್ಲಿಕೇಟ್ ಇರಬಹುದೇ?

ಉತ್ತರ: ಎರಡು ಹೆಸರಿದೆ ಎಂಬ ಮಾತ್ರಕ್ಕೆ ಡೂಪ್ಲಿಕೇಟ್ ಅಲ್ಲ. ಎರಡೂ ಒಂದೇ ಕಂಪನಿಯ ಬ್ರ್ಯಾಂಡುಗಳು; ಕಂಪನಿಯ ಆಗಿನ ಹೆಸರು ಮಾತ್ರ ಎರಡೂ ಅಲ್ಲ, ಮತ್ಸುಶಿತಾ. ಸೆಟ್ಟಿನ ಬೆನ್ನ ಮೇಲಿನ ಪಟ್ಟಿಯಲ್ಲಿ ಸಣ್ಣಕ್ಷರದಲ್ಲಿ ‘ಮತ್ಸುಶಿತಾ ಎಲೆಕ್ಟ್ರಿಕ್’ ಎಂದಿದೆಯೇ ನೋಡಿ. ನಕಲು ಮಾಡುವವರ ಗಮನವೆಲ್ಲ ಮುಂದಿನ ಹೆಸರಿನ ಮೇಲೆ.

ಕೊನೊಸುಕೆ ಮತ್ಸುಶಿತಾ ಜಪಾನಿನ ಒಸಾಕಾದಲ್ಲಿ ಕಂಪನಿ ಶುರು ಮಾಡಿದ್ದು 1918ರಲ್ಲಿ, ರೇಡಿಯೊದಿಂದಲ್ಲ, ಪ್ಲಗ್ಗಿನಿಂದ. ಆಗ ಎಷ್ಟೋ ಮನೆಗಳಿಗೆ ಕರೆಂಟು ಬರುತ್ತಿದ್ದುದು ತೂಗುವ ಬಲ್ಬಿನ ಹೋಲ್ಡರಿಗೆ ಮಾತ್ರ. ಇಸ್ತ್ರಿ ಮಾಡಬೇಕೆಂದರೆ ಬಲ್ಬು ಬಿಚ್ಚಿ ಕತ್ತಲಲ್ಲೇ ಉಜ್ಜಬೇಕು. ಒಂದೇ ಹೋಲ್ಡರಿನಿಂದ ಎರಡು ಕವಲು ತೆಗೆಯುವ ಅವರ ಪ್ಲಗ್ಗು ಚೆನ್ನಾಗಿ ಓಡಿತು. (2007ರಲ್ಲಿ ನಮ್ಮ ಆಂಕರ್ ಸ್ವಿಚ್ ಕಂಪನಿಯನ್ನು ಕೊಂಡದ್ದೂ ಇದೇ ಬಳಗ.)

1923ರಲ್ಲಿ ಬಂದದ್ದು ಸೈಕಲ್ ದೀಪ. ಅಂದಿನ ಬ್ಯಾಟರಿ ದೀಪಗಳು ಎರಡು-ಮೂರು ಗಂಟೆಗೇ ಮಂಕಾಗುತ್ತಿದ್ದವು. ಇದು 30-40 ಗಂಟೆ ಉರಿಯುತ್ತಿತ್ತು. ಸಗಟು ವ್ಯಾಪಾರಿಗಳು ನಂಬಲಿಲ್ಲ. ಮತ್ಸುಶಿತಾ ಚಿಲ್ಲರೆ ಅಂಗಡಿಗಳಿಗೇ ದೀಪ ಕೊಟ್ಟು, ಒಂದನ್ನು ಹಚ್ಚಿಟ್ಟು ಎಷ್ಟು ಹೊತ್ತು ಉರಿಯುತ್ತದೆ ನೀವೇ ನೋಡಿ ಎಂದರು. ಅದರ ನಂತರದ ಚೌಕ ದೀಪಕ್ಕೆ 1927ರಲ್ಲಿ ಇಟ್ಟ ಹೆಸರೇ ‘ನ್ಯಾಷನಲ್’.

ಅಮೆರಿಕದಲ್ಲಿ ಆ ಹೆಸರು ಆಗಲೇ ಬೇರೆಯವರ ಟ್ರೇಡ್‌ಮಾರ್ಕ್ ಆಗಿತ್ತು. ಹಾಗಾಗಿ 1955ರಲ್ಲಿ ರಫ್ತಿನ ಸ್ಪೀಕರ್‌ಗಳಿಗೆ ಬಳಸಿದ್ದ ‘ಪ್ಯಾನಸಾನಿಕ್’ ಅಲ್ಲಿ ಕೈಹಿಡಿಯಿತು. ಏಷ್ಯಾದಲ್ಲಿ ‘ನ್ಯಾಷನಲ್’ಗೆ ಹೆಸರಿದ್ದದ್ದರಿಂದ ಅದನ್ನು ಬಿಡಲೂ ಮನಸ್ಸಿಲ್ಲ. ಕೊಲ್ಲಿಯಿಂದ ನಮ್ಮವರು ಹೊತ್ತು ತಂದ ಸೆಟ್ಟುಗಳ ಮೇಲೆ ಎರಡೂ ಕಾಣುವುದು ಅದಕ್ಕೇ. ಕಂಪನಿಯೇ ಪ್ಯಾನಸಾನಿಕ್ ಆದದ್ದು 2008ರ ಅಕ್ಟೋಬರ್ 1ರಂದು.

ಸೆಟ್ಟನ್ನು ಈಗ ಹಚ್ಚುವ ಮುಂಚೆ ಅದೇ ಪಟ್ಟಿಯಲ್ಲಿ ವೋಲ್ಟೇಜ್ ಓದಿ. ಬರೀ 100 ವೋಲ್ಟ್ ಎಂದಿದ್ದರೆ ಅದು ಜಪಾನಿನ ಒಳಪೇಟೆಯ ಮಾಲು. ನಮ್ಮ 230ಕ್ಕೆ ನೇರ ಚುಚ್ಚಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ವೋಲ್ಟೇಜ್ ಇಳಿಸುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಹೊರದೇಶಕ್ಕೆಂದು ಮಾಡಿದ ಸೆಟ್ಟಿನಲ್ಲಿ ವೋಲ್ಟೇಜ್ ಸೆಲೆಕ್ಟರ್ ಇದ್ದರೆ ಅದನ್ನು 220-240ಕ್ಕೆ ತಿರುಗಿಸಿ. ಸೆಲ್ ಹಾಕಿ ನೋಡುವುದೇ ಕ್ಷೇಮ, ಆದರೆ ಮೊದಲು ಸ್ಪ್ರಿಂಗಿನ ಹಸಿರು ಕಿಲುಬು ಉಜ್ಜಿ ತೆಗೆಯಿರಿ. ರೇಡಿಯೊ ಹಾಡಿ ಕ್ಯಾಸೆಟ್ ಮಾತ್ರ ತಿರುಗದಿದ್ದರೆ ಸಾಮಾನ್ಯವಾಗಿ ರಬ್ಬರ್ ಬೆಲ್ಟ್ ಸಡಿಲಾಗಿರುತ್ತದೆ, ಇಲ್ಲವೇ ಡಾಂಬರಿನಂತೆ ಕರಗಿರುತ್ತದೆ. ಬೆಲ್ಟ್ ಸುತ್ತುವ ಪುಲ್ಲಿಗಳನ್ನು (ಪುಟ್ಟ ಗಾಲಿಗಳನ್ನು) ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿಯೇ ಹೊಸ ಬೆಲ್ಟ್ ಹಾಕಬೇಕು. ಇನ್ನು ಡಯಲ್ಲಿನಲ್ಲಿ ಎಫ್‌ಎಂ 76ರಿಂದ 90ರವರೆಗೆ ಮಾತ್ರ ಇದ್ದರೆ ಅದೂ ಜಪಾನಿನ ಒಳಪೇಟೆಯದೇ. ಬೆಂಗಳೂರಿನ 101.3 ಅದರಲ್ಲಿ ಸಿಗುವುದಿಲ್ಲ. ಅದು ರಿಪೇರಿ ಮಾಡಿಸುವ ದೋಷವಲ್ಲ.