ಪದ ಪರಿಚಯ: ಸ್ಪೋರ್ಟ್ಸ್ ಕಾರಿನಲ್ಲಿ ‘ರಿಸರ್ವ್’

‘ಗಾಡಿ ರಿಸರ್ವ್‌ಗೆ ಬಿತ್ತು’ ಎನ್ನುವ ಮಾತು ಬಳ್ಳಾರಿ, ರಾಯಚೂರು, ಕೊಪ್ಪಳದ ಯಾವ ಬಂಕ್‌ನಲ್ಲಿ ನಿಂತರೂ ಕಿವಿಗೆ ಬೀಳುತ್ತದೆ. ಹಳೆಯ ಬೈಕುಗಳಲ್ಲಿ ಅದಕ್ಕೆ ನೇರ ಅರ್ಥವಿತ್ತು. ಟ್ಯಾಂಕಿನ ಕೆಳಗಿನ ಕಾಕ್ ತಿರುಗಿಸಿದರೆ ತಳದಲ್ಲಿ ಉಳಿದ ಪೆಟ್ರೋಲ್ ಎಂಜಿನ್ನಿಗೆ ಸಿಗುತ್ತಿತ್ತು. ಕಾರಿನಲ್ಲಿ ಅಂಥ ಕಾಕ್ ಇಲ್ಲ, ಬೇರೆ ಟ್ಯಾಂಕೂ ಇಲ್ಲ. ತಯಾರಕರು ಗೊತ್ತುಮಾಡಿದ ಮಟ್ಟಕ್ಕಿಂತ ಪೆಟ್ರೋಲ್ ಕೆಳಗಿಳಿದಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಅಲ್ಲಿಂದ ಕೆಳಗಿರುವುದೇ ರಿಸರ್ವ್. ಹೆಚ್ಚಿನ ಕಾರುಗಳಲ್ಲಿ ಇದು 5ರಿಂದ 10 ಲೀಟರ್ ಆಸುಪಾಸು. ದೀಪಕ್ಕೆ ಗೊತ್ತಿರುವುದು ಲೀಟರ್ ಲೆಕ್ಕ ಮಾತ್ರ. ಅದು ಎಷ್ಟು ಕಿಲೋಮೀಟರ್ ಆಗುತ್ತದೆ ಎನ್ನುವುದು ಆಕ್ಸಿಲರೇಟರ್ ಮೇಲಿನ ಕಾಲಿಗೆ ಬಿಟ್ಟದ್ದು, ಸ್ಪೋರ್ಟ್ಸ್ ಕಾರಿನಲ್ಲಂತೂ ಪೂರ್ತಿಯಾಗಿ.

ಉದಾಹರಣೆಗೆ 8 ಲೀಟರ್ ಉಳಿದಿದೆ ಎಂದುಕೊಳ್ಳಿ. 80ರ ವೇಗದಲ್ಲಿ ಮೇಲಿನ ಗೇರಿನಲ್ಲಿ ಸಮನಾಗಿ ಓಡಿಸಿ ಲೀಟರಿಗೆ 11 ಕಿ.ಮೀ. ಸಿಕ್ಕರೆ 88 ಕಿ.ಮೀ. ಆಯಿತು. ಅದೇ ಕಾರನ್ನು ಕೆಳಗಿನ ಗೇರಿನಲ್ಲಿ ಎಳೆದಾಡಿ ಲೀಟರಿಗೆ 4ಕ್ಕೆ ಇಳಿಸಿದರೆ 32 ಕಿ.ಮೀ.ಗೆ ಮುಗಿಯಿತು. ಸಣ್ಣ ಹ್ಯಾಚ್‌ಬ್ಯಾಕ್‌ನಲ್ಲಿ ಈ ಅಂತರ ಇಷ್ಟು ದೊಡ್ಡದಾಗುವುದಿಲ್ಲ. ‘ರಿಸರ್ವ್‌ನಲ್ಲಿ ಇನ್ನೂ 50 ಹೋಗುತ್ತೆ ಬಿಡಿ ಸಾರ್’ ಎನ್ನುವ ಲೆಕ್ಕ ಅಲ್ಲಿಗೆ ಸರಿ. ನಿಸಾನ್ ಜಿಟಿ-ಆರ್, ಮಸ್ಟಾಂಗ್, ಪೋರ್ಷೆ 911ರಂಥ ಕಾರಿಗೆ ಅದನ್ನು ನಂಬಬಾರದು.

ಪರದೆಯ ಮೇಲೆ ಕಾಣುವ ‘ಇನ್ನಿಷ್ಟು ಕಿ.ಮೀ.’ ಎಂಬ ರೇಂಜ್ ಅಂಕಿಯೂ ಊಹೆಯೇ. ಕಾರಿನ ಕಂಪ್ಯೂಟರ್ ಈಚೆಗೆ ಓಡಿದ ದೂರದ ಸರಾಸರಿ ಮೈಲೇಜ್ ತೆಗೆದುಕೊಂಡು ಉಳಿದ ಪೆಟ್ರೋಲ್‌ಗೆ ಗುಣಿಸುತ್ತದೆ. ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟು ತೋರಣಗಲ್ಲು ಹತ್ತಿರ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳಿದರೆ ಅಂಕಿ ಸರಸರನೆ ಇಳಿಯುತ್ತದೆ. ಹೊಸಪೇಟೆ ದಾಟಿ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕುಷ್ಟಗಿ ಕಡೆ ಸಮವೇಗದಲ್ಲಿ ಸಾಗಿದರೆ ಒಂದು ಹನಿ ಪೆಟ್ರೋಲ್ ಹಾಕದಿದ್ದರೂ ಅದೇ ಅಂಕಿ ಮೇಲೇರಬಹುದು. ಏರಿತೆಂದು ಖುಷಿಪಟ್ಟು ಬಂಕ್ ಬಿಟ್ಟು ಮುಂದೆ ಹೋಗಬೇಡಿ.

ಇನ್ನು ಪೆಟ್ರೋಲ್ ಮೀಟರಿನ ಮುಳ್ಳಿನ ವಿಷಯ. ಟ್ಯಾಂಕಿನೊಳಗೆ ಒಂದು ಫ್ಲೋಟ್ ತೇಲುತ್ತಿರುತ್ತದೆ. ಅದರ ತೋಳು ವಿದ್ಯುತ್ತಿಗೆ ತಡೆಯೊಡ್ಡುವ ಒಂದು ರೆಸಿಸ್ಟರ್ ಪಟ್ಟಿಯ ಮೇಲೆ ಸರಿದಂತೆ ಮೀಟರಿಗೆ ಹೋಗುವ ಸಂಕೇತ ಬದಲಾಗುತ್ತದೆ. ತಿರುವಿನಲ್ಲಿ ಪೆಟ್ರೋಲ್ ಅಲುಗಿದಾಗಲೆಲ್ಲ ಮುಳ್ಳು ಕುಣಿಯಬಾರದೆಂದು ಮೀಟರನ್ನು ಬೇಕೆಂದೇ ನಿಧಾನ ಮಾಡಿರುತ್ತಾರೆ. ಹಾಗಾಗಿ ಇಳಿಜಾರಿನಲ್ಲಿ ನಿಲ್ಲಿಸಿ ಆಗತಾನೆ ಇಗ್ನಿಷನ್ ಹಾಕಿದಾಗಿನ ರೀಡಿಂಗ್ ನಂಬಲರ್ಹವಲ್ಲ. ಸಮತಟ್ಟಾದ ಜಾಗದಲ್ಲಿ ನೋಡಬೇಕು.

ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇರುವ ಹಲವು ಕಾರುಗಳಲ್ಲಿ ಟ್ಯಾಂಕ್ ಶಾಫ್ಟಿನ ಮೇಲೆ ಕತ್ತೆಯ ಬೆನ್ನಿನ ಹೇರಿನಂತೆ ಎರಡೂ ಕಡೆ ಇಳಿಬಿದ್ದಿರುತ್ತದೆ. ಇದನ್ನು ಸ್ಯಾಡಲ್ ಟ್ಯಾಂಕ್ ಎನ್ನುತ್ತಾರೆ. ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪ್ ಒಂದೇ ಕಡೆ. ಇನ್ನೊಂದು ಕಡೆಯ ಪೆಟ್ರೋಲನ್ನು ಜೆಟ್ ಪಂಪ್ ಎಂಬ ಸಣ್ಣ ಭಾಗ ಎಳೆದು ತಂದು ಪಂಪ್ ಇರುವ ಕಡೆ ಸುರಿಯುತ್ತಲೇ ಇರುತ್ತದೆ. ಎರಡೂ ಕಡೆ ಒಂದೊಂದು ಫ್ಲೋಟ್; ಮೀಟರ್ ಎರಡನ್ನೂ ಕೂಡಿಸಿ ತೋರಿಸುತ್ತದೆ. ಜೆಟ್ ಪಂಪ್ ಕಟ್ಟಿಕೊಂಡರೆ ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿರುವಾಗಲೇ ಎಂಜಿನ್ ಆರಿಹೋಗುತ್ತದೆ, ಏಕೆಂದರೆ ಆ ಕಾಲು ಭಾಗವೆಲ್ಲ ಪಂಪ್ ಇಲ್ಲದ ಕಡೆ ಕೂತಿರುತ್ತದೆ. ಇಂಥ ಕಾರು ಕಾಲು ಟ್ಯಾಂಕ್ ಇದ್ದೂ ನಿಂತರೆ, ಪಂಪ್ ಸುಟ್ಟಿದೆ ಎಂದು ಹೊಸದು ಹಾಕಿಸುವ ಮೊದಲು ಎರಡೂ ಕಡೆಯ ಮಟ್ಟವನ್ನು ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್‌ನಲ್ಲಿ ಬೇರೆಬೇರೆಯಾಗಿ ನೋಡಿಸಿ.

ಟ್ಯಾಂಕ್ ಸರಿಯಿದ್ದರೂ ರಿಸರ್ವ್‌ನಲ್ಲಿ ಜೋರು ಓಡಿಸುವುದು ಅಪಾಯವೇ. ಬಿರುಸಾಗಿ ತಿರುಗಿಸಿದಾಗ ಪೆಟ್ರೋಲ್ ಒಂದು ಬದಿಗೆ ಒತ್ತಿಕೊಂಡು ಪಂಪಿನ ಬಾಯಿ ಬರಿದಾಗುತ್ತದೆ. ಪಂಪ್ ಸುತ್ತ ಒಂದು ಬಟ್ಟಲು, ಒಳಗೆ ತಡೆಗೋಡೆಗಳು ಇರುತ್ತವೆ. ಅವು ಸ್ವಲ್ಪ ಹೊತ್ತು ಕಾಪಾಡುತ್ತವೆ, ಉದ್ದನೆಯ ತಿರುವಿನಲ್ಲಿ ಅವೂ ಸಾಲುವುದಿಲ್ಲ. ಮೊದಲ ಲಕ್ಷಣ ಹೀಗೆ: ತಿರುವು ಮುಗಿದು ಆಕ್ಸಿಲರೇಟರ್ ಒತ್ತಿದಾಗ ಕಾರು ಅರೆಕ್ಷಣ ತಡವರಿಸಿ ಮತ್ತೆ ಎಳೆಯುತ್ತದೆ. ಮುಂದೆ ಹೆಚ್ಚಿನ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು; ಜೊತೆಗೆ ಚೆಕ್ ಎಂಜಿನ್ ದೀಪ ಮಿನುಗುವುದು. ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಜಿನ್ನಿನಲ್ಲಿ ಪೆಟ್ರೋಲ್ ಕಡಿಮೆಯಾದರೆ ಸಿಲಿಂಡರ್ ವಿಪರೀತ ಕಾದು ಪಿಸ್ಟನ್‌ಗೇ ಪೆಟ್ಟು ಬೀಳಬಹುದು. ಮಿಸ್‌ಫೈರ್ ಆದ ಸಿಲಿಂಡರಿನಿಂದ ಸುಡದ ಪೆಟ್ರೋಲ್ ಹೊರಬಿದ್ದು ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನು ಕರಗಿಸಬಹುದು. ಒಂದು ಸಲ ತಡವರಿಸಿದರೂ ಸಾಕು, ಕಾಲು ಸಡಿಲಿಸಿ 2,500 ಆರ್‌ಪಿಎಂ ಒಳಗೆ ಇಟ್ಟುಕೊಂಡು ಹತ್ತಿರದ ಬಂಕ್ ಹುಡುಕಿ.

ನಮ್ಮ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ರಾಯಚೂರು, ಬಳ್ಳಾರಿಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಪೆಟ್ರೋಲೇ. ಅದು ತಳಕ್ಕಿಳಿದಷ್ಟೂ ಪಂಪ್ ಬಿಸಿಯಾಗಿ ಸವೆಯುತ್ತದೆ. ಏಪ್ರಿಲ್, ಮೇನಲ್ಲಿ ಕಾಲು ಟ್ಯಾಂಕ್‌ಗಿಂತ ಕೆಳಗೆ ಬಿಡದಿರುವುದೇ ಒಳ್ಳೆಯದು.

ರಿಸರ್ವ್‌ಗೆ ಇಳಿಸದಿರಲು ಇನ್ನೊಂದು ಕಾರಣ ಪೆಟ್ರೋಲಿನ ದರ್ಜೆ. ಸ್ಪೋರ್ಟ್ಸ್ ಕಾರುಗಳು ಬಹುಪಾಲು 95 ಅಥವಾ ಅದಕ್ಕಿಂತ ಹೆಚ್ಚಿನ ಆಕ್ಟೇನ್ (ಒತ್ತಡದಲ್ಲಿ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ತಾಳುವ ಅಳತೆ) ಕೇಳುತ್ತವೆ. ಬೇಕಾದ ಅಂಕಿ ಟ್ಯಾಂಕ್ ಮುಚ್ಚಳದ ಒಳಬದಿಯಲ್ಲಿ ಬರೆದಿರುತ್ತದೆ. ಸಿರುಗುಪ್ಪ, ಸಿಂಧನೂರು, ಮಸ್ಕಿ ದಾರಿಯಲ್ಲಿ ಬಂಕ್‌ಗಳಿಗೆ ಕೊರತೆಯಿಲ್ಲ, ಆದರೆ ಆ ದರ್ಜೆಯದು ಪ್ರತಿ ಬಂಕಿನಲ್ಲೂ ಇರುತ್ತದೆ ಎಂದುಕೊಳ್ಳಬೇಡಿ. ಸಾಮಾನ್ಯ ಪೆಟ್ರೋಲೇ ಗತಿಯಾದರೆ 10 ಲೀಟರ್ ಮಾತ್ರ ಹಾಕಿಸಿ, ಎಂಜಿನ್ ಮೇಲೆ ಭಾರ ಹಾಕದೆ ಊರು ಸೇರಿ. ಅದರಲ್ಲಿ ಎಥೆನಾಲ್ ಶೇ. 20 ಇದ್ದರೆ ಅದೇ ಲೀಟರಿಗೆ ಶಕ್ತಿ ಶೇ. 6-7ರಷ್ಟು ಕಡಿಮೆ, ದೂರವೂ ಅಷ್ಟೇ ಕಡಿಮೆ.

ನಿಮ್ಮ ಕಾರಿನ ರಿಸರ್ವ್ ನಿಜಕ್ಕೂ ಎಷ್ಟೆಂದು ತಿಳಿಯಲು ಸುಲಭದ ದಾರಿಯಿದೆ. ದೀಪ ಹತ್ತಿದ ಕೂಡಲೇ ಸಮತಟ್ಟಾದ ಬಂಕ್‌ಗೆ ಹೋಗಿ, ಎಂಜಿನ್ ಆರಿಸಿ, ಗನ್ ಮೊದಲ ಸಲ ತಾನಾಗಿ ನಿಲ್ಲುವ ತನಕ ತುಂಬಿಸಿ. ಟ್ಯಾಂಕಿನ ಒಟ್ಟು ಅಳತೆಯಲ್ಲಿ ಆ ಲೀಟರ್ ಕಳೆಯಿರಿ. 64 ಲೀಟರಿನ ಟ್ಯಾಂಕಿಗೆ 55 ಹಿಡಿಸಿದರೆ ರಿಸರ್ವ್ 9. ಎರಡು ಮೂರು ಸಲದ ಸರಾಸರಿ ಇಟ್ಟುಕೊಳ್ಳಿ. ‘ರೌಂಡ್ ಫಿಗರ್ ಮಾಡ್ಲಾ ಸಾರ್?’ ಎಂದು ಬಂಕ್ ಹುಡುಗ ಕೇಳಿದರೆ ಬೇಡ ಎನ್ನಿ. ಗನ್ ನಿಂತ ಮೇಲೂ ತುರುಕಿದ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲು ಡಬ್ಬಿಗೆ ನುಗ್ಗಿ ಅದನ್ನು ಹಾಳುಮಾಡುತ್ತದೆ. ನಿಮ್ಮ ಲೆಕ್ಕವೂ ತಪ್ಪುತ್ತದೆ.

ಇಷ್ಟಾಗಿಯೂ ದಾರಿಯಲ್ಲಿ ಎಂಜಿನ್ ನಿಂತರೆ ಸೆಲ್ಫ್ ಹೊಡೆಯುತ್ತಾ ಕೂರಬೇಡಿ, ಪಂಪ್ ಒಣಗಿ ತಿರುಗುತ್ತದೆ. ಬ್ರೇಕ್ ಒತ್ತಲು ಬಲ ಕೊಡುವ ಬೂಸ್ಟರ್ ಒಂದೆರಡು ಸಲಕ್ಕೆ ಮಾತ್ರ ಉಳಿದಿರುತ್ತದೆ, ಆದ್ದರಿಂದ ಒಂದೇ ಬಾರಿ ದೃಢವಾಗಿ ಒತ್ತಿ ರಸ್ತೆಯಂಚಿಗೆ ತನ್ನಿ. ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ಪೆಟ್ರೋಲ್ ತರಿಸಿದರೆ 5 ಲೀಟರಿಗಿಂತ ಕಡಿಮೆ ಬೇಡ. ಒಂದೆರಡು ಲೀಟರ್ ಹಾಕಿದರೆ ಮೀಟರ್ ಅದನ್ನು ಗುರುತಿಸದೆ ಇರಬಹುದು, ಪಂಪಿಗೂ ಸರಿಯಾಗಿ ಸಿಗದು. ಹಾಕಿದ ಮೇಲೆ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಹಾಕಿ, ಮೂರ್ನಾಲ್ಕು ಸೆಕೆಂಡ್ ಬಿಟ್ಟು ಆರಿಸಿ. ಹೀಗೆ ಮೂರು ಸಲ ಮಾಡಿದರೆ ಪೈಪಿನೊಳಗಿನ ಗಾಳಿ ಹೋಗಿ ಒತ್ತಡ ಕೂಡುತ್ತದೆ. ಆಮೇಲೆ ಸ್ಟಾರ್ಟ್ ಮಾಡಿ, ಎಂಜಿನ್ ಒಂದು ನಿಮಿಷ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಸಮನಾಗಿ ನಿಂತ ಬಳಿಕವೇ ಗೇರಿಗೆ ಹಾಕಿ.