ಆ ಫೈಲ್ ಹರಿದು ಹಾಕಿಸಬೇಡಿ

"ಅಕ್ಕಾ, ದವಾಖಾನಿಯವರಿಗೆ ಒಂದು ನೋಟಿಸ್ ಕೊಡ್ರಿ. ಮಗಳ ಫೈಲ್ ಹರಿದು ಒಗೀಲಿ."

ರಾಯಚೂರಿನ ನನ್ನ ವಕೀಲಿ ಕಚೇರಿಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ರೋಗಿಯ ರಿಪೋರ್ಟ್ ಯಾರದೋ ವಾಟ್ಸ್ಆ್ಯಪ್ ಸೇರಿರುತ್ತದೆ. ಮನೆಯವರು ಮೊದಲು ತಮ್ಮ ಫೋನಿನ ಮೆಸೇಜ್ ಅಳಿಸುತ್ತಾರೆ. ಆಮೇಲೆ ಆಸ್ಪತ್ರೆಯ ಫೈಲ್ ಹರಿದು ಹಾಕಿಸಲು ಓಡುತ್ತಾರೆ.

ದಯವಿಟ್ಟು ಹಾಗೆ ಮಾಡಬೇಡಿ. ಫೈಲ್ ಹರಿದರೆ ಹೊರಗೆ ಹೋದ ಫೋಟೊ ವಾಪಸ್ ಬರುವುದಿಲ್ಲ. ನಾಶವಾಗುವುದು ನಿಮ್ಮ ಸಾಕ್ಷಿ ಮಾತ್ರ. ರಿಪೋರ್ಟ್ ಅಲ್ಲೇ ತಯಾರಾಯಿತು, ಅವರ ಕೈಯಲ್ಲೇ ಇತ್ತು ಎಂದು ತೋರಿಸುವುದೇ ಆ ಫೈಲ್. ಅದಿಲ್ಲದಿದ್ದರೆ "ನಮ್ಮಲ್ಲಿಂದ ಹೋಗಿಲ್ಲ" ಎಂದು ಅವರು ಹೇಳಿದಾಗ ನಾವು ಏನು ತೋರಿಸಬೇಕು?

ಮಾನ್ವಿ ಕಡೆಯ ತಂದೆಯೊಬ್ಬರು ಬಂದಿದ್ದರು. (ಊರು, ಕಾಯಿಲೆ ಎರಡನ್ನೂ ಬದಲಿಸಿದ್ದೇನೆ.) ಮಗಳ ಟಿಬಿ ರಿಪೋರ್ಟ್ ಬೀಗರ ಫೋನ್ ತಲುಪಿ ಸಂಬಂಧ ಮುರಿದಿತ್ತು. ಅಷ್ಟು ಹೊತ್ತಿಗೆ ಹುಡುಗಿ ಔಷಧಿ ಮುಗಿಸಿ ಗುಣವಾಗಿದ್ದಳು. ಅವರು ಆಸ್ಪತ್ರೆಯಲ್ಲಿ ಜಗಳ ಮಾಡಿ ಮೂಲ ಫೈಲನ್ನೇ ತಂದು ಒಲೆಗೆ ಹಾಕಿದ್ದರು. ಮಗಳ ಮಾನ ಉಳಿಸಲು ಅವರಿಗೆ ತೋಚಿದ ದಾರಿ ಅದೊಂದೇ. ನನಗೆ ಬೈಯಲು ಮನಸ್ಸಾಗಲಿಲ್ಲ.

ಕಾನೂನಿನಲ್ಲಿ ಅಳಿಸಿ ಎಂದು ಕೇಳುವ ಹಕ್ಕಿದೆ, ನಿಜ. ಆದರೆ ಬೇರೆ ಕಾನೂನು "ಇಟ್ಟುಕೊಳ್ಳಿ" ಎಂದು ಹೇಳಿದ ದಾಖಲೆಗೆ ಅದು ನಡೆಯುವುದಿಲ್ಲ. ಒಳರೋಗಿಯ ದಾಖಲೆಯನ್ನು ವೈದ್ಯರು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು. ನೀವು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 2002ರ ವೈದ್ಯಕೀಯ ನಿಯಮಗಳಲ್ಲೇ ಇದಿದೆ. ಹಾಗಾಗಿ ಮೊದಲು ನಕಲು ತೆಗೆದುಕೊಳ್ಳಿ. ಜೊತೆಗೆ ಒಂದು ಅರ್ಜಿ ಬರೆಯಿರಿ: ನನ್ನ ರಿಪೋರ್ಟ್ ಯಾರು ನೋಡಿದರು, ಯಾರಿಗೆ ಕಳಿಸಿದರು, ಯಾವತ್ತು? ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

"250 ಕೋಟಿ ಸಿಗುತ್ತಂತಲ್ವಾ?" ಎಂದೂ ಕೇಳುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಅದು ದಂಡದ ಗರಿಷ್ಠ ಮಿತಿ. ಆ ಹಣ ಸರ್ಕಾರದ ಖಜಾನೆಗೆ ಹೋಗುತ್ತದೆ, ರೋಗಿಗಲ್ಲ. ಮಾಹಿತಿ ಸೋರಿದರೆ ನಿಮಗೆ ತಿಳಿಸಬೇಕು ಎಂಬ ನಿಯಮವೂ ಅದರಲ್ಲಿದೆ. ಆದರೆ ನವೆಂಬರ್ 2025ರಲ್ಲಿ ಬಂದ ನಿಯಮಗಳು ಇಂಥ ಹೆಚ್ಚಿನ ಹೊಣೆಗಳಿಗೆ 18 ತಿಂಗಳ ಸಮಯ ಕೊಟ್ಟಿವೆ.

ಪರಿಹಾರ ಬೇಕೆಂದರೆ ನಾನು ಸಾಮಾನ್ಯವಾಗಿ ನೋಡುವುದು ಜಿಲ್ಲಾ ಗ್ರಾಹಕರ ಆಯೋಗದ ಕಡೆ. ನಂಬಿ ಕೊಟ್ಟ ಮಾಹಿತಿಯನ್ನು ಕಾನೂನು ಒಪ್ಪದ ರೀತಿಯಲ್ಲಿ ಬೇರೆಯವರಿಗೆ ತಿಳಿಸುವುದು 2019ರ ಗ್ರಾಹಕ ಕಾಯ್ದೆಯ ಪ್ರಕಾರ ತಪ್ಪು. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. 2 ವರ್ಷದೊಳಗೆ ಹೋಗಬೇಕು. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಯಾದರೆ ಈ ದಾರಿ ಸಿಗುವುದಿಲ್ಲ. ಒಂದೊಂದು ಪ್ರಕರಣ ಒಂದೊಂದು ಥರ. ಕಾಗದ ನೋಡದೆ ಯಾವ ವಕೀಲರೂ ಗೆಲ್ಲುತ್ತೀರಿ ಎಂದು ಹೇಳಬಾರದು.

ಆ ಹುಡುಗಿಯ ವಿಷಯಕ್ಕೆ ಬಂದರೆ, ಅವಳ ಸೋದರತ್ತೆಯ ಫೋನಿನಲ್ಲಿ ಮೆಸೇಜ್ ಹಾಗೇ ಉಳಿದಿತ್ತು. ಬಂದ ತಾರೀಖು, ಕಳಿಸಿದ ನಂಬರ್ ಎರಡೂ ಇದ್ದವು. ಹುಡುಗಿ ಆಸ್ಪತ್ರೆಯ ಬಿಲ್ಲುಗಳನ್ನು ಪುಸ್ತಕದ ನಡುವೆ ಎತ್ತಿಟ್ಟಿದ್ದಳು. ಅವಿಷ್ಟನ್ನೇ ಹಿಡಿದು ದೂರು ಬರೆದೆವು. ಫೋನ್ ಮಾರಬೇಡಿ, ರಿಪೇರಿಗೂ ಕೊಡಬೇಡಿ ಎಂದು ಅತ್ತೆಗೆ ಎರಡೆರಡು ಸಲ ಹೇಳಿ ಕಳಿಸಿದೆ.