ಕ್ರಿಯಾ ಸಂಶೋಧನೆಗೆ ಸಾಮಗ್ರಿ ಎಲ್ಲಿ ಸಿಗುತ್ತದೆ?

ಕ್ರಿಯಾ ಸಂಶೋಧನೆ ಅಂದರೆ ಶಿಕ್ಷಕರು ತಮ್ಮದೇ ತರಗತಿಯ ತೊಂದರೆಯನ್ನು ಅಧ್ಯಯನ ಮಾಡಿ ಪರಿಹಾರ ಪ್ರಯೋಗಿಸಿ ನೋಡುವುದು. ಈ ಹೆಸರು ಕೇಳಿದ ಕೂಡಲೇ ನಾವು ಬಿ.ಎಡ್‌ನವರು ಮಾಡುವ ಮೊದಲ ಕೆಲಸ ಸೀನಿಯರ್‌ಗಳ ಹಳೆಯ ಫೈಲು ಹುಡುಕುವುದು. ಅದನ್ನು ಬಿಡಿ. ಬೇಕಾದದ್ದು ಜಾಸ್ತಿ ಇರುವುದು ನಮ್ಮ ತರಗತಿಯಲ್ಲೇ.

ಪರೀಕ್ಷೆಗೆ ಹಿನ್ನೆಲೆ ಇಷ್ಟು ಸಾಕು: ಮನೋವಿಜ್ಞಾನಿ ಕರ್ಟ್ ಲೆವಿನ್ 1946ರ ಲೇಖನದಲ್ಲಿ ಈ ವಿಧಾನ ವಿವರಿಸಿದರು. ಸ್ಟೀಫನ್ ಕೋರಿ 1953ರಲ್ಲಿ ಶಾಲೆಗಳಿಗಾಗಿ ಪುಸ್ತಕ ಬರೆದರು. ಶಿಕ್ಷಕರೇ ಸಂಶೋಧಕರಾಗಬೇಕು ಎಂದು 1975ರಲ್ಲಿ ವಾದಿಸಿದವರು ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್.

ಈಗ ಮಕ್ಕಳ ನೋಟ್‌ಬುಕ್ ತೆಗೆಯಿರಿ. ದಶಕ ಸಹಿತ ವ್ಯವಕಲನದ (ಹತ್ತರ ಸ್ಥಾನದಿಂದ ಒಂದು ದಶಕ ತೆಗೆದುಕೊಂಡು ಕಳೆಯುವ) ಲೆಕ್ಕ: 52ರಲ್ಲಿ 27 ಕಳೆಯಬೇಕು. ಇಬ್ಬರು 35 ಎಂದು ಬರೆದಿದ್ದಾರೆ ಅಂದುಕೊಳ್ಳಿ. ಒಂದು ಮಗು 2ರಲ್ಲಿ 7 ಹೋಗುವುದಿಲ್ಲ ಎಂದು ತಿರುಗಿಸಿ 7ರಲ್ಲಿ 2 ಕಳೆದಿದೆ. ಇನ್ನೊಂದು ದಶಕ ತೆಗೆದುಕೊಂಡು 12ರಲ್ಲಿ 7 ಸರಿಯಾಗಿಯೇ ಕಳೆದಿದೆ, ಆದರೆ 5ನ್ನು 4 ಮಾಡಲು ಮರೆತಿದೆ. ಉತ್ತರ ಒಂದೇ, ತೊಂದರೆ ಬೇರೆ ಬೇರೆ. ಇಬ್ಬರಿಗೂ ಒಂದೇ ಪರಿಹಾರ ಬೋಧನೆ ಕೊಟ್ಟರೆ ಏನು ಪ್ರಯೋಜನ, ಅಲ್ವಾ?

ಅದಕ್ಕೇ ಪೂರ್ವ ಪರೀಕ್ಷೆಯ (ಪರಿಹಾರ ಬೋಧನೆಗೆ ಮೊದಲು ಕೊಡುವ ಪರೀಕ್ಷೆಯ) ಸಂಖ್ಯೆಗಳನ್ನು ನೋಡಿ ಆರಿಸಬೇಕು. 53ರಲ್ಲಿ 27 ಕೊಟ್ಟರೆ ಮೊದಲ ಮಗು 34 ಬರೆಯುತ್ತದೆ, ಎರಡನೆಯದು 36. ತಪ್ಪು ಎಲ್ಲಿದೆ ಎಂದು ಉತ್ತರವೇ ಹೇಳುತ್ತದೆ. ಆಮೇಲೂ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಹೇಗೆ ಮಾಡಿದೆ, ಹೇಳು ಪುಟ್ಟ" ಎಂದು ಕೇಳಿ, ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ.

ಸಾಮಗ್ರಿ ಸಿಗುವ ಎರಡನೆಯ ಜಾಗ ಮೊಬೈಲ್. ನಿಮ್ಮ ಪಾಠವನ್ನೇ ರೆಕಾರ್ಡ್ ಮಾಡಿ ಕೇಳಿ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡ್ ಸುಮ್ಮನಿದ್ದಿರಿ? ಅಮೆರಿಕದ ಮೇರಿ ಬಡ್ ರೋ ಅಲ್ಲಿನ ವಿಜ್ಞಾನ ತರಗತಿಗಳಲ್ಲಿ ಇದನ್ನೇ ಅಳೆದರು. ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ 1 ಸೆಕೆಂಡ್! 3 ಸೆಕೆಂಡ್ ಕಾದಾಗ ಮಕ್ಕಳ ಉತ್ತರ ಉದ್ದವಾಯಿತು. ಖರ್ಚಿಲ್ಲದ ಒಳ್ಳೆಯ ವಿಷಯ ಇದು.

ಹೊರಗಿನ ಓದಿಗೆ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಗ್ರಂಥಾಲಯ ಇದೆ. ಶೋಧಗಂಗಾ ಜಾಲತಾಣದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ ಪ್ರಬಂಧಗಳು ಉಚಿತ. ಪೂರ್ತಿ ಓದಲು ಹೋಗಬೇಡಿ, ಪ್ರಶ್ನಾವಳಿ ಹೇಗೆ ಮಾಡಿದ್ದಾರೆ ಎಂಬುದನ್ನಷ್ಟೇ ನೋಡಿ. ಇಂಗ್ಲಿಷ್ ಓದುವ ಅಭ್ಯಾಸವಿದ್ದರೆ ಶಿಕ್ಷಣ ಸಂಶೋಧನೆಯ ಲೇಖನಗಳಿರುವ ಎರಿಕ್ (ERIC) ಜಾಲತಾಣವೂ ಉಪಯೋಗಕ್ಕೆ ಬರುತ್ತದೆ.

ರೆಕಾರ್ಡ್ ಮಾಡುವ ಮೊದಲು ಮುಖ್ಯ ಶಿಕ್ಷಕರ, ಪೋಷಕರ ಒಪ್ಪಿಗೆ ಪಡೆಯಿರಿ. ವರದಿಯಲ್ಲಿ ಮಕ್ಕಳ ಹೆಸರು ಬೇಡ, 'ವಿದ್ಯಾರ್ಥಿ 1' ಎಂದರೆ ಸಾಕು.